ಚಿತ್ರದಲ್ಲಿ ಇಲ್ಲದ ನೀಲಿ ಬುಟ್ಟಿ

ಆ ಚಿತ್ರ ನನ್ನ ಫೋನಿಗೆ ಬಂದಾಗ ನಾನು ಆದೋನಿಯ ಮಾರ್ಕೆಟ್ ಯಾರ್ಡಿನ ಗೇಟಿನಲ್ಲಿ ಹಮಾಲರ ಮುಷ್ಕರದ ಸುದ್ದಿಗೆ ನಿಂತಿದ್ದೆ. ಕಳಿಸಿದವರು ನಮ್ಮ ಪತ್ರಿಕೆಯ ಭಾನುವಾರದ ಪುರವಣಿ ನೋಡಿಕೊಳ್ಳುವ ಸಂಪಾದಕಿ. ಕೆಳಗೆ ಒಂದು ಸಾಲು ಇತ್ತು: "ಈ ಹೆಂಗಸು ನಿಮ್ಮ ಸೀಮೆಯವಳು. ಯಾರು ಅಂತ ಹುಡುಕಿ."

ತೈಲವರ್ಣದ ಚಿತ್ರ. ಅಂಚಿನಿಂದ ಅಂಚಿಗೆ ಕೆಂಪು ಗರಸು ನೆಲ, ಎಲ್ಲಿಯೂ ಹಸಿರಿಲ್ಲ. ಹಿಂದೆ ಬೋಳು ಗುಡ್ಡ. ಅದರ ನೆತ್ತಿ ಎರಡಾಗಿ ಸೀಳಿದಂತಿದೆ. ನಡುವೆ ಒಬ್ಬಳೇ ಹೆಂಗಸು. ಸೊಂಟ ಅರ್ಧ ಬಗ್ಗಿದೆ, ಎಡಗೈ ಮೊಣಕಾಲ ಮೇಲಿದೆ, ಬಲಗೈ ಮುಷ್ಟಿ ಕಟ್ಟಿ ಎದೆಯ ಹತ್ತಿರ ಬಂದಿದೆ. ಹರಿದ ಸೀರೆ. ಮುಖ ಸೆರಗಿನ ನೆರಳಿನಲ್ಲಿದೆ, ಕಣ್ಣು ಮಾತ್ರ ನೋಡುವವರನ್ನೇ ನೇರವಾಗಿ ನೋಡುತ್ತಿದೆ. ಚಿತ್ರದ ಹೆಸರು 'ಬಂಜರು'. ಬೆಂಗಳೂರಿನ ಪ್ರದರ್ಶನವೊಂದರಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿತ್ತು. ಆ ಕಣ್ಣಿನಲ್ಲಿ ನೆಲದ ನೋವೆಲ್ಲ ಇದೆ ಎಂದು ತೀರ್ಪುಗಾರರು ಹೇಳಿದ್ದರಂತೆ.

ಸಂಜೆ ಸಂಪಾದಕಿಗೆ ಫೋನ್ ಮಾಡಿದೆ.

"ಹೆಸರು, ಊರು, ಮನೆಯ ಪರಿಸ್ಥಿತಿ, ಚಿತ್ರ ನೋಡಿ ಆಕೆ ಏನಂದಳು, ಇಷ್ಟು ಬೇಕು. ಪುರವಣಿಯ ಮೊದಲ ಪುಟ ಇದಕ್ಕೇ ಇಟ್ಟಿದ್ದೀನಿ. ಶುಕ್ರವಾರ ಸಂಜೆ ಪುಟ ಹೋಗುತ್ತೆ" ಎಂದರು.

"ಊರು ಸಿಗದಿದ್ದರೆ?"

"ಊರಿಲ್ಲದ ಸುದ್ದಿ ಯಾವತ್ತಾದರೂ ಕಳಿಸಿದ್ದೀರಾ ನೀವು?"

ಕಳಿಸಿರಲಿಲ್ಲ.

ಚಿತ್ರಕಾರರು ಬಳ್ಳಾರಿ ಕಡೆಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಫೋನಿನಲ್ಲಿ ಸಿಕ್ಕರು, ಮಾತಿಗೂ ಸಿಕ್ಕರು. ಹೋದ ವರ್ಷ ಬೇಸಿಗೆಯ ಕೊನೆಗೆ ಉರುಕುಂದದ ಈರಣ್ಣ ದೇವರ ದರ್ಶನಕ್ಕೆ ಹೋಗಿ, ಅಲ್ಲಿಂದ ಆದೋನಿಗೆ ಬಂದು, ಪತ್ತಿಕೊಂಡ ದಾಟಿ ಗುತ್ತಿಯ ಕಡೆಗೆ ಹೋಗುವ ಬಸ್ಸು ಹತ್ತಿದ್ದರು. ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಕಿಟಕಿಯಿಂದ ಈ ಹೆಂಗಸು ಕಂಡಳು. ಫೋನಿನಲ್ಲಿ ಒಂದು ಫೋಟೊ ತೆಗೆದರು. ಬಸ್ಸು ಹೊರಟಿತು.

"ಯಾವ ಊರಿನ ಹತ್ತಿರ?"

"ಅದೇ ಗೊತ್ತಿಲ್ರಿ. ನಾನು ನಿದ್ದಿ ಮಂಪರಿನಾಗಿದ್ದೆ. ಆಕಿ ಕಣ್ಣು ನೋಡಿ ಎಚ್ಚರಾತು."

"ಚಿತ್ರದಲ್ಲಿ ಎಷ್ಟು ಇದ್ದದ್ದು, ಎಷ್ಟು ನಿಮ್ಮದು?"

ಇಂಥ ಪ್ರಶ್ನೆ ಅವರಿಗೆ ಇಷ್ಟವಾಗಲಿಲ್ಲ, ಆದರೂ ಉತ್ತರಿಸಿದರು. ನೆಲ, ಗುಡ್ಡ, ನಿಂತ ಭಂಗಿ, ಕಣ್ಣು ಇದ್ದ ಹಾಗೆ. ಮುಖದ ಉಳಿದ ಭಾಗ ಕಲ್ಪನೆ. ಕೆಲವು ವಸ್ತು ಬಿಟ್ಟಿದ್ದರು. ಚಿತ್ರಕ್ಕೆ ಹೊಂದದ್ದನ್ನು ಎಲ್ಲರೂ ಬಿಡುತ್ತಾರೆ. ಮೂಲ ಫೋಟೊ ಹಳೆಯ ಫೋನಿನಲ್ಲಿತ್ತು, ಆ ಫೋನು ಕೆಟ್ಟಿತ್ತು. ಏನು ಬಿಟ್ಟಿರಿ ಎಂದು ನಾನು ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ಜಾಗ.

ಇದರ ನಡುವೆ ಡೆಸ್ಕಿನಿಂದ ಇನ್ನೊಂದು ಸುಳಿವು ಬಂತು. ಪ್ರದರ್ಶನ ನೋಡಿದ ಓದುಗರೊಬ್ಬರು ಅದು ಚಿಪ್ಪಗಿರಿ ಸೀಮೆಯ ನೆಲ ಎಂದು ಹೇಳಿದ್ದರಂತೆ. ಮರುದಿನ ಬೆಳಿಗ್ಗೆ ಮೊದಲು ಅತ್ತ ಹೋದೆ. ಅವರು ಹೇಳಿದ ಊರಿನ ಸುತ್ತ ಎರೆ ಭೂಮಿ, ಬಿಸಿಲಿಗೆ ಬಿರುಕು ಬಿಟ್ಟ ಕಪ್ಪು ನೆಲ. ಚಿತ್ರದಲ್ಲಿದ್ದದ್ದು ಕೆಂಪು ಮಸಾರಿ, ಅದೂ ಗರಸುಗಲ್ಲು ಬೆರೆತದ್ದು. ಒಂದು ಲೋಟ ಚಹಾ ಕುಡಿದು ಗಾಡಿ ತಿರುಗಿಸಿದೆ. ಚಿತ್ರದಲ್ಲಿ ಬೆಳಕು ಗುಡ್ಡದ ಕಡೆಯಿಂದ ಬಿದ್ದಿತ್ತು. ಚಿತ್ರಕಾರರು ಡ್ರೈವರನ ಸಾಲಿನ ಕಿಟಕಿಯಲ್ಲಿ ಕೂತಿದ್ದರು, ಬಸ್ಸು ಹತ್ತಿದ್ದು ಊಟದ ನಂತರ ಅಂದಿದ್ದರು. ಇದಿಷ್ಟನ್ನು ಕೂಡಿಸಿದರೆ ಗುಡ್ಡ ರಸ್ತೆಯ ಬಲಕ್ಕಿರಬೇಕು, ರಸ್ತೆ ಹೆಚ್ಚು ಕಡಿಮೆ ದಕ್ಷಿಣಕ್ಕೆ ಹೋಗುತ್ತಿರಬೇಕು. ಸ್ಟುಡಿಯೊ ಒಂದರಲ್ಲಿ ಚಿತ್ರದ ದೊಡ್ಡ ಬಣ್ಣದ ಪ್ರಿಂಟ್ ಹಾಕಿಸಿ ಬೈಕಿನ ಟ್ಯಾಂಕಿನ ಚೀಲದಲ್ಲಿ ಇಟ್ಟುಕೊಂಡಿದ್ದೆ. ಪತ್ತಿಕೊಂಡದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ.

ಅಂಗಡಿಯವನು ಕಪ್ಪು ತೊಳೆಯುತ್ತಿದ್ದವನು ಕೈ ಒರೆಸಿಕೊಂಡು ಬಂದ. ಬಹಳ ಹೊತ್ತು ನೋಡಿದ.

"ಎಷ್ಟು ಬಂತಂತ ಸಾರ್ ಆಕಿಗೆ?"

"ಯಾರಿಗೆ ಏನು ಬಂತು?"

"ನಮಗ ಹೇಳಬಾರದಂದ್ರ ಬ್ಯಾಡ ಬಿಡ್ರಿ." ಪಕ್ಕದ ಮೇಜಿನವನಿಗೆ ತೆಲುಗಿನಲ್ಲಿ, "ಚೂಡು, ಪಿಡಿಕಿಲಿ ಚೂಡು" ಎಂದ. ಮುಷ್ಟಿ ನೋಡು ಎಂದು. ಅವನು ಎದ್ದು ಬಂದ. ಇನ್ನಿಬ್ಬರು ಬಂದರು.

ಆಗ ನನಗೆ ಹೊಳೆಯಿತು. ಆದೋನಿಯ ಎರೆ ನೆಲದಲ್ಲಿ ಬೆಳೆದವನಾದ್ದರಿಂದ ಇದು ಮೊದಲೇ ತಲೆಗೆ ಬಂದಿರಲಿಲ್ಲ. ಪತ್ತಿಕೊಂಡದ ಆಚೆಯ ಈ ಕೆಂಪು ಪಟ್ಟಿಯಲ್ಲಿ ಮೊದಲ ಮಳೆಗಳು ಬಿದ್ದ ಕೂಡಲೆ ಜನ ಹೊಲ ಹೊಲ ತಿರುಗಿ ವಜ್ರ ಹುಡುಕುತ್ತಾರೆ. ಮಣ್ಣು ತೊಳೆದು ಹೋಗಿ ಕಲ್ಲು ಮೇಲೆದ್ದಿರುತ್ತದೆ, ಬಿಸಿಲಿಗೆ ಮಿಂಚುತ್ತದೆ ಎಂದು ನಂಬಿಕೆ. ಯಾರಿಗೋ ಸಿಕ್ಕಿತಂತೆ ಎಂಬ ಸುದ್ದಿ ಪ್ರತಿ ವರ್ಷ ಹುಟ್ಟುತ್ತದೆ. ಸಿಕ್ಕವರು ಕೂಗುವುದಿಲ್ಲ. ಮುಷ್ಟಿ ಮುಚ್ಚಿ, ಎದೆಗೆ ಹಿಡಿದು, ಅಕ್ಕಪಕ್ಕ ಯಾರಾದರೂ ನೋಡಿದರೋ ಎಂದು ಒಮ್ಮೆ ತಲೆಯೆತ್ತಿ ನೋಡಿ, ಯಾರೊಂದಿಗೂ ಮಾತಾಡದೆ ಹೊಲ ದಾಟುತ್ತಾರೆ. ಬೆಂಗಳೂರಿನಲ್ಲಿ ನೋವು ಅನಿಸಿದ್ದು ಇಲ್ಲಿನವರ ಕಣ್ಣಿಗೆ ಆ ಕ್ಷಣದ ಚಿತ್ರ. ಬಗ್ಗಿದ ಹೆಂಗಸು, ಮುಚ್ಚಿದ ಮುಷ್ಟಿ, ಎಚ್ಚರದ ಕಣ್ಣು.

"ಇದು ವಜ್ರದ ಚಿತ್ರ ಅಲ್ಲ. ಹೋದ ವರ್ಷ ಯಾರೋ ಬರೆದದ್ದು" ಎಂದೆ.

"ಅಲ್ಲ ಅನ್ನಾಕ ಪತ್ತಿಕೊಂಡದ ತನಕ ಬಂದೀರಾ ಸಾರ್?" ಎಂದು ಅಂಗಡಿಯವನು ನಕ್ಕ. ಅಷ್ಟರಲ್ಲಿ ಪಕ್ಕದ ಮೇಜಿನವನು ಫೋನಿನಲ್ಲಿ ಪ್ರಿಂಟಿನ ಫೋಟೊ ಹೊಡೆದಿದ್ದ.

ಪ್ರಿಂಟನ್ನು ಮಡಿಸಿ ಎದ್ದೆ. ಅಲ್ಲಿಂದ ಮುಂದೆ ದಾರಿಯಲ್ಲಿ ಯಾರಿಗೂ ಹೆಂಗಸನ್ನು ತೋರಿಸಲಿಲ್ಲ. ಕಾಗದವನ್ನು ಅರ್ಧಕ್ಕೆ ಮಡಿಸಿ ಗುಡ್ಡವನ್ನಷ್ಟೇ ತೋರಿಸಿ ಕೇಳುತ್ತ ಹೋದೆ. ರಸ್ತೆ ಬದಿ ಕುರಿ ನಿಲ್ಲಿಸಿಕೊಂಡಿದ್ದ ಒಬ್ಬ ಮುದುಕ ನೋಡಿದ ತಕ್ಷಣ ಕೋಲಿನಿಂದ ದಿಕ್ಕು ತೋರಿಸಿದ. ಊರಿನ ಹೆಸರನ್ನೂ ಹೇಳಿದ. ಆ ಹೆಸರನ್ನು ಇಲ್ಲಿಯೂ ಬರೆಯುತ್ತಿಲ್ಲ.

ರಸ್ತೆಯ ಬಲಕ್ಕೆ ಸೀಳಿದ ಗುಡ್ಡ ಕಂಡಾಗ ಪ್ರಿಂಟನ್ನು ಎದುರಿಗೆ ಹಿಡಿದು ನೋಡಿದೆ. ರೇಖೆಗೆ ರೇಖೆ ಕೂಡುತ್ತಿತ್ತು. ಚಿತ್ರಕಾರರು ಮಾತಿಗೆ ತಪ್ಪಿರಲಿಲ್ಲ. ವ್ಯತ್ಯಾಸ ಎರಡೇ: ಹೊಲ ಹರಗಿ ಹದ ಮಾಡಿ ಇಟ್ಟಿದ್ದರು. ಬದುವಿನ ಉದ್ದಕ್ಕೂ ಆರಿಸಿ ಹಾಕಿದ ಕಲ್ಲಿನ ಸಾಲು ಗೋಡೆಯ ಹಾಗೆ ಹೋಗಿತ್ತು. ಚಿತ್ರದಲ್ಲಿ ಆ ಗೋಡೆ ಇರಲಿಲ್ಲ.

ಹೊಲ ಯಾರದೆಂದು ಕೇಳಿ ಊರೊಳಗಿನ ಒಂದು ಮನೆಗೆ ಹೋದೆ. ಕನ್ನಡ ಮಾತಾಡುವ ಮನೆ. ಕಟ್ಟೆಯ ಮೇಲೆ ಅತ್ತೆ ಶೇಂಗಾ ಬೀಜ ಸುಲಿಯುತ್ತಿದ್ದಳು, ಸೊಸೆ ಮೊರದಲ್ಲಿ ಕೇರಿ ಸುಕ್ಕು ಕಾಳು ತೆಗೆಯುತ್ತಿದ್ದಳು. ಸೊಸೆಯ ಗಂಡ ಕುರಿ ಹಿಂಡಿನ ಜೊತೆ ಹೊಳೆಸಾಲಿನ ಕಡೆ ಹೋಗಿದ್ದ. ಮಳೆ ಬಿದ್ದರೆ ಬಿತ್ತನೆ ಈ ಇಬ್ಬರ ಪಾಲಿನ ಕೆಲಸ.

"ಪೇಪರ್ನೋರಾ?" ಎಂದಳು ಅತ್ತೆ. "ಹ್ವಾದ ಸಲ ನೀರು ಬರಂಗಿಲ್ಲಂತ ಬರಕೊಂಡು ಹೋದ್ರಪಾ ಯಾರೋ. ನೀರೂ ಬರಲಿಲ್ಲ, ಪೇಪರೂ ಬರಲಿಲ್ಲ."

ಪ್ರಿಂಟ್ ಬಿಚ್ಚಿ ಕೊಟ್ಟು, ಚಿತ್ರದ ಹೆಸರನ್ನೂ ಬಹುಮಾನದ ವಿಷಯವನ್ನೂ ಹೇಳಿದೆ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು.

"ಸೀರಿ ಹೆಂಗ ಹರದೈತಿ ನೋಡು. ನಮ್ಮ ಮನ್ಯಾಗ ಇಂಥಾದ್ದು ಉಟಗೊಂಡು ರೋಡಿನ ಹೊಲಕ್ಕ ಹೋಗೋರು ಯಾರೂ ಇಲ್ಲಪಾ. ನಾವೇನು ಭಿಕ್ಷೆದೋರಾ?"

ಸೊಸೆ ಮೊರ ಕೆಳಗಿಟ್ಟು ನೋಡಿದಳು. ಅಷ್ಟರಲ್ಲಿ ಪಕ್ಕದ ಮನೆಯವಳೂ ಬಂದು ಹೆಗಲ ಮೇಲಿಂದ ಇಣುಕಿ, "ಯಾವಾಕಿಗೆ ಸಿಕ್ಕಿದ್ದಂತ ಇದು?" ಎಂದಳು. ಆ ಮಾತು ಕೇಳಿದ್ದೇ ಸೊಸೆ ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ಇದು ನಾನಲ್ಲ."

"ಹೊಲ ನಿಮ್ಮದೇ ಅಲ್ಲವೇ?"

"ಹೊಲ ನಮ್ಮದ ಐತಿ. ಆಕಿ ನಾನಲ್ಲ. ಕೈಯಾಗ ಬುಟ್ಟಿ ಇಲ್ಲ, ಏನಿಲ್ಲ. ಬರೇ ಕೈಲೆ ಹೊಲದಾಗ ನಿಂತಾಳ. ಯಾವ ಹುಚ್ಚಿ ಹಂಗ ನಿಂದರತಾಳ? ಮ್ಯಾಲೆ ಬಂಜರು ಅಂತ ಹೆಸರು ಬ್ಯಾರೆ ಇಟ್ಟಾರಂತಲ್ಲ. ಬಂದು ನೋಡಂತ ಹೇಳ್ರಿ ಅವಗ, ಬಂಜರೋ ಏನಂತ."

ಹಾಗೆನ್ನುವಾಗ ಆಕೆ ನನ್ನನ್ನು ನೋಡಿದ ನೋಟ ಪ್ರಿಂಟಿನಲ್ಲಿದ್ದ ನೋಟವೇ. ಇದು ನನ್ನ ಅಭಿಪ್ರಾಯ, ಸಾಕ್ಷಿಯಲ್ಲ. ವ್ಯಕ್ತಿಯೇ ಅಲ್ಲವೆಂದ ಮೇಲೆ ನಾನು ಬರೆಯುವಂತಿರಲಿಲ್ಲ. ಆಕೆ ಯಾಕೆ ಅಲ್ಲವೆನ್ನುತ್ತಾಳೆ ಎಂಬುದೂ ಗೊತ್ತಾಗಿತ್ತು. ಆ ಚಿತ್ರ ನನ್ನದು ಅಂದರೆ ವಜ್ರ ಸಿಕ್ಕವಳು ನಾನು ಅಂದಂತೆ. ಆಮೇಲೆ ನೆಂಟರಿಂದ ಹಿಡಿದು ದಲ್ಲಾಳಿಯವರೆಗೆ ಎಲ್ಲರೂ ಬಾಗಿಲಿಗೆ ಬರುತ್ತಾರೆ.

ಹೊರಡುವಾಗ ಮೋಡ ಕಟ್ಟಿತ್ತು. ಪತ್ತಿಕೊಂಡ ಮುಟ್ಟುವಷ್ಟರಲ್ಲಿ ಒಳ್ಳೆಯ ಮಳೆ. ಒಂದು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ನಿಂತಿದ್ದಾಗ ಪಕ್ಕದವನು ಫೋನು ನೋಡುತ್ತಿದ್ದ. ಅದರಲ್ಲಿ ನನ್ನ ಪ್ರಿಂಟ್ ಇತ್ತು. ಕೆಳಗೆ ತೆಲುಗಿನಲ್ಲಿ, ಈಕೆಗೆ ದೊಡ್ಡ ವಜ್ರ ಸಿಕ್ಕಿದೆ, ಗುಡ್ಡ ಗುರುತಿಸಿ ಎಂದು ಬರೆದಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಫೋನ್ ಮಾಡಿದಳು. ನನ್ನ ನಂಬರು ಅವಳಿಗೆ ಕೊಟ್ಟು ಬಂದಿದ್ದೆ. ಹಲೋ ಇಲ್ಲ, ಏನಿಲ್ಲ. "ಬಾರಪಾ, ನಿನ್ನ ಬೀಗರೆಲ್ಲ ಬಂದಾರ, ಊಟಕ್ಕ ಬಡಸುವಂತಿ ಬಾ" ಎಂದು ಹೇಳಿ ಇಟ್ಟಳು.

ಹೋಗಿ ನೋಡಿದರೆ ಹೊಲದ ತುಂಬ ಜನ. ರಸ್ತೆಯಲ್ಲಿ ಆಟೊಗಳು ಸಾಲಾಗಿ ನಿಂತಿದ್ದವು. ಬುತ್ತಿ ಕಟ್ಟಿಕೊಂಡು ಬಂದ ಹೆಂಗಸರು, ಛತ್ರಿ ಹಿಡಿದವರು, ಬೆನ್ನ ಹಿಂದೆ ಕೈ ಕಟ್ಟಿಕೊಂಡು ಹೆಜ್ಜೆ ಹೆಜ್ಜೆಗೆ ನೆಲ ನೋಡುತ್ತ ನಡೆಯುವ ಮುದುಕರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಕೆಂಪು ಟೋಪಿಯ ಒಬ್ಬ ಮಾತ್ರ ಫೋನನ್ನು ಗುಡ್ಡಕ್ಕೆ ಎದುರಾಗಿ ಹಿಡಿದು, "ಅದೇ ಗುಟ್ಟ, ಅದೇ ಗುಟ್ಟ" ಎಂದು ಹೊಸದಾಗಿ ಬಂದವರಿಗೆ ತೆಲುಗಿನಲ್ಲಿ ಗುಡ್ಡ ತೋರಿಸುತ್ತಿದ್ದ. ಹಿಂದಿನ ದಿನ ನಾನು ಮಾಡಿದ್ದನ್ನೇ ಅವನೂ ಮಾಡಿದ್ದ.

ರಸ್ತೆಯ ಅಂಚಿನಲ್ಲಿ ಬಿತ್ತುವ ಕೂರಿಗೆ ಕಟ್ಟಿದ ಟ್ರ್ಯಾಕ್ಟರ್ ನಿಂತಿತ್ತು. ಬೀಜದ ಚೀಲಗಳು ಬದುವಿನ ಮೇಲಿದ್ದವು. ಮಸಾರಿಯಲ್ಲಿ ಹಸಿ ಬಹಳ ಹೊತ್ತು ನಿಲ್ಲುವುದಿಲ್ಲ. ಅವತ್ತು, ತಪ್ಪಿದರೆ ಮರುದಿನ ಬೆಳಿಗ್ಗೆ, ಬೀಜ ನೆಲಕ್ಕೆ ಬೀಳಬೇಕು. ಇಲ್ಲದಿದ್ದರೆ ಇನ್ನೊಂದು ಮಳೆ ಕಾಯಬೇಕು, ಅದು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಇತ್ತ ಹದ ಮಾಡಿದ ಹಸಿ ಮಣ್ಣನ್ನು ಜನ ತುಳಿದು ಗಟ್ಟಿ ಮಾಡುತ್ತಿದ್ದರು. ತುಳಿದ ಕಡೆ ಮತ್ತೆ ಕುಂಟೆ ಹೊಡೆಯದೆ ಬಿತ್ತಲಾಗದು. ಟ್ರ್ಯಾಕ್ಟರಿನವನು ಬೇರೆ ಊರಿಗೆ ಮಾತು ಕೊಟ್ಟಿದ್ದ. ಮಳೆ ಎಲ್ಲರಿಗೂ ಒಟ್ಟಿಗೆ ಬಿದ್ದಿತ್ತಲ್ಲ.

ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಬ್ಬೊಬ್ಬರನ್ನೇ ಬದುವಿನಾಚೆಗೆ ಕಳಿಸುತ್ತಿದ್ದಳು. ಒಂದು ಕಡೆ ಕಳಿಸಿದರೆ ಇನ್ನೊಂದು ಕಡೆಯಿಂದ ಬರುತ್ತಿದ್ದರು. ನನ್ನನ್ನು ನೋಡಿ, ಮತ್ತೊಬ್ಬನನ್ನು ಕಳಿಸಲು ಅತ್ತ ಹೋದಳು. ಬೈದಿದ್ದರೆ ಕೆಲಸ ಸುಲಭವಾಗುತ್ತಿತ್ತು.

ಆಗ ಹಿಂದಿನ ದಿನ ಆಕೆ ಬುಟ್ಟಿಯ ಬಗ್ಗೆ ಆಡಿದ ಮಾತು ನೆನಪಾಯಿತು. ಅಲ್ಲಿಂದಲೇ ಚಿತ್ರಕಾರರಿಗೆ ಫೋನ್ ಮಾಡಿದೆ.

"ಬಿಟ್ಟ ವಸ್ತು ಯಾವುವು ಸಾರ್?"

"ಅಂಥಾವೇನಿಲ್ಲ. ಇನ್ನ ಇಬ್ಬರು ಮೂವರು ಹೆಂಗಸರಿದ್ರು, ತಗದೆ. ಒಬ್ಬಾಕೆ ಇದ್ರ ಚಿತ್ರಕ್ಕ ತೂಕ. ಬದುವಿನ ಮ್ಯಾಲೆ ಕಲ್ಲಿನ ರಾಶಿ ಇತ್ತು. ಆಕಿ ಕಾಲ ಹತ್ರ ಒಂದು ಬುಟ್ಟಿ, ಪ್ಲಾಸ್ಟಿಕ್ಕಿಂದು, ಕಣ್ಣಿಗೆ ಹೊಡಿಯೋ ನೀಲಿ. ಅಷ್ಟು ಕೆಂಪಿನಾಗ ಅದೊಂದು ನೀಲಿ ಹೆಂಗ ಇಡೋದು ಹೇಳ್ರಿ."

"ಬುಟ್ಟಿಯಲ್ಲಿ ಏನಿತ್ತು?"

"ಕಲ್ಲು ಇರಬೇಕು."

ಹೊಲದ ಕಲ್ಲು ಆರಿಸುತ್ತಿದ್ದರು, ಅಷ್ಟೇ. ಬಿತ್ತನೆಗೆ ಮುಂಚೆ ಮಸಾರಿ ನೆಲದಲ್ಲಿ ಪ್ರತಿ ವರ್ಷ ಮಾಡುವ ಕೆಲಸ. ಬುಟ್ಟಿ, ರಾಶಿ, ಜೊತೆಯವರು, ಈ ಮೂರನ್ನೂ ತೆಗೆದರೆ ಉಳಿಯುವುದು ಬೆಂಗಳೂರಿಗೆ ನೋವು, ಪತ್ತಿಕೊಂಡಕ್ಕೆ ವಜ್ರ. ಕೆಟ್ಟ ಫೋನನ್ನು ಹೇಗಾದರೂ ಮಾಡಿ ರಿಪೇರಿ ಅಂಗಡಿಗೆ ಒಯ್ದು ಫೋಟೊ ತೆಗೆಸಿ ಕಳಿಸಿ ಎಂದು ಕೇಳಿಕೊಂಡೆ. ಕಾರಣವನ್ನೂ ಹೇಳಿದೆ. ಅವರು "ಈಗ ಹೊಂಟೆ" ಎಂದರು. ಬಿಸಿಲು ಏರುವಷ್ಟರಲ್ಲಿ ಫೋಟೊ ಬಂತು. ಕಿಟಕಿಯ ಸರಳು ಅಡ್ಡ ಬಂದ, ಸ್ವಲ್ಪ ಅಲುಗಿದ ಫೋಟೊ. ಆದರೂ ಎಲ್ಲ ಇತ್ತು. ಬಗ್ಗಿದ ಹೆಂಗಸರು, ರಾಶಿ, ನೀಲಿ ಬುಟ್ಟಿ. ಸೀರೆ ಹರಿದಿರಲಿಲ್ಲ.

ಕೆಂಪು ಟೋಪಿಯವನಿಗೆ ತೋರಿಸಿದೆ. ಅವನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದ.

"ಫೋಟೊ ಈಗೆಲ್ಲ ಹೆಂಗ ಬೇಕು ಹಂಗ ತಯಾರು ಮಾಡ್ತಾರ ಸಾರ್. ನಮ್ಮ ಅಳಿಯ ಪ್ರಧಾನಮಂತ್ರಿ ಬಾಜು ನಿಂತಿದ್ದು ಮಾಡ್ಯಾನ."

"ಇದು ಮೂಲ ಫೋಟೊ. ಇದನ್ನು ನೋಡಿಯೇ ಚಿತ್ರ ಬರೆದದ್ದು."

"ಮತ್ತ ನಿನ್ನಿ ಚಿತ್ರದಾಗ ಬುಟ್ಟಿ ಇರಲಿಲ್ಲ. ಇವತ್ತ ಜನ ಬಂದ ಮ್ಯಾಲೆ ಬುಟ್ಟಿ ಬಂತು. ಯಾರು ತಂದಿಟ್ರು ಅದನ್ನ?" ಸುತ್ತ ನಿಂತವರು ತಲೆಯಾಡಿಸಿದರು. ಮುಚ್ಚಿಡುತ್ತಿದ್ದಾರೆ ಎಂದರೆ ಏನೋ ಇದೆ ಎಂದೇ ಅರ್ಥ. ನನ್ನ ಸಾಕ್ಷಿ ಅವರ ನಂಬಿಕೆಯನ್ನು ಗಟ್ಟಿ ಮಾಡಿತು. ಹೊಲದ ಆ ಮೂಲೆಗೆ ಇನ್ನಷ್ಟು ಜನ ಸೇರಿದರು.

ಸೊಸೆ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಆಮೇಲೆ ಬಂದು ಟೋಪಿಯವನ ಎದುರಿಗೆ ನಿಂತಳು.

"ಅಣ್ಣಾ, ವಜ್ರ ಸಿಕ್ಕಿತ್ತಂತ ಇಟ್ಟುಕೋ. ಸಿಕ್ಕಿದ್ರ ಈ ಕಲ್ಲಾಗ ಶೇಂಗಾ ಬಿತ್ತಾಕ ನಾ ಯಾಕ ಇಲ್ಲಿ ನಿಂತಿರಲಿ? ಆದೋನ್ಯಾಗ ಮಹಡಿ ಮನಿ ಕಟ್ಟಿ, ಫ್ಯಾನ್ ಹಚಗೊಂಡು ಮಕ್ಕೊಂಡಿರತಿದ್ದಿಲ್ಲಾ?"

ಯಾರೋ ನಕ್ಕರು. ಟೋಪಿಯವನು, "ಅದೂ ಖರೇ" ಎಂದ. ಆದರೆ ಕದಲಲಿಲ್ಲ.

ಆಕೆ ಟ್ರ್ಯಾಕ್ಟರಿನ ಕಡೆಗೆ ತಿರುಗಿ ಕೈ ಎತ್ತಿದಳು. "ಹಾಕು ಗಾಡಿ ಒಳಗ."

"ಜನ ಅದಾರ ಅಕ್ಕಾ" ಎಂದ ಡ್ರೈವರ್.

"ಅವರಿಗೂ ಕಾಲು ಅದಾವ. ಸರೀತಾರ. ನೀ ಹಾಕು."

ಟ್ರ್ಯಾಕ್ಟರು ನಿಧಾನವಾಗಿ ಹೊಲಕ್ಕಿಳಿಯಿತು. ಅತ್ತೆ ಕೂರಿಗೆಯ ಹಿಂದೆ ಬೀಜ ನೋಡಿಕೊಂಡು ನಡೆದಳು. ಜನ ಸರಿದರು. ಆದರೆ ಹೋಗಲಿಲ್ಲ. ಕೂರಿಗೆ ಎಬ್ಬಿಸಿದ ಹೊಸ ಮಣ್ಣನ್ನು ನೋಡುತ್ತ ಅತ್ತೆಯ ಹಿಂದೆಯೇ ಸಾಲು ಕಟ್ಟಿದರು. "ಬರ್ರಿ ಬರ್ರಿ, ಯಾರಿಗರ ವಜ್ರ ಸಿಕ್ಕರ ಕೂಲಿ ಕೊಡೋದು ತಪ್ಪತೈತಿ ನನಗ" ಎಂದು ಅತ್ತೆ ಹಿಂದೆ ತಿರುಗಿ ನೋಡದೆಯೇ ಹೇಳುತ್ತಿದ್ದಳು. ನಾನು ಬದುವಿನ ಮೇಲೆ ನಿಂತು ಸಾಲಿನ ಮೇಲೆ ಕಾಲಿಡುವವರನ್ನು ಬೇಡಿಕೊಳ್ಳುತ್ತಿದ್ದೆ. ನೆತ್ತಿಗೆ ಬಿಸಿಲು ಬಂದು ಮಣ್ಣಿನ ಮೇಲ್ಮೈ ಒಣಗಿದ ಮೇಲೆ ಹುಡುಕುವವರಿಗೆ ಆಸಕ್ತಿ ಇಳಿಯಿತು. ಆಟೊಗಳು ಒಂದೊಂದಾಗಿ ಹೊರಟವು. ಅಷ್ಟು ಹೊತ್ತಿಗೆ ಹೊಲದ ಅರ್ಧ ಭಾಗಕ್ಕೆ ಬೀಜ ಬಿದ್ದಿತ್ತು. ರಸ್ತೆಯ ಕಡೆಯ ಇನ್ನರ್ಧ ತುಳಿದು ಕಣದಂತಾಗಿತ್ತು. ಸಂಜೆ ಅದಕ್ಕೆ ಕುಂಟೆ ಹೊಡೆದು, ಬೆಳಿಗ್ಗೆ ಬೇಗ ಬಂದು ಬಿತ್ತಿಕೊಡುತ್ತೇನೆ, ಆಮೇಲೆ ನಾನು ಸಿಗುವುದಿಲ್ಲ ಎಂದ ಟ್ರ್ಯಾಕ್ಟರಿನವನು.

"ನಾಳೆ ಇದಕ್ಕಿಂತ ಹೆಚ್ಚು ಮಂದಿ ಬಂದ್ರ?" ಎಂದು ಸೊಸೆ ಕೇಳಿದಳು. ಅವನನ್ನಲ್ಲ, ನನ್ನನ್ನು.

ಆದೋನಿಗೆ ವಾಪಸು ಬಂದಾಗ ಸಂಪಾದಕಿಯ ಕರೆ ಕಾದಿತ್ತು. ಜನ ಸೇರಿದ ವಿಷಯ ಅವರಿಗೆ ಮುಟ್ಟಿತ್ತು.

"ಪುರವಣಿ ಆಮೇಲೆ. ಇದು ನಾಳೆಯ ಮುಖಪುಟ. ಬಹುಮಾನದ ಚಿತ್ರ ದೊಡ್ಡದಾಗಿ, ಪಕ್ಕದಲ್ಲಿ ಜನರ ಫೋಟೊ. ಊರಿನ ಹೆಸರು, ಆಕೆಯ ಹೆಸರು ಬೇಗ ಕಳಿಸಿ."

ಫೋನುಗಳಲ್ಲಿ ತಿರುಗುತ್ತಿದ್ದದ್ದನ್ನು ನಾನು ಆ ಹೊತ್ತಿಗೆ ನೋಡಿದ್ದೆ. ಒಬ್ಬರು ಒಂದು ಊರು ಹೇಳಿದ್ದರು, ಇನ್ನೊಬ್ಬರು ಇನ್ನೊಂದು. ಅವತ್ತು ಬಂದವರು ಗುಡ್ಡದ ಗುರುತಿದ್ದ ಅಕ್ಕಪಕ್ಕದವರು. ದೂರದವರಿಗೆ ಜಾಗ ಇನ್ನೂ ಖಚಿತವಿರಲಿಲ್ಲ. ಅಚ್ಚಾದ ಪತ್ರಿಕೆಯಲ್ಲಿ ಊರಿನ ಹೆಸರೂ ಗುಡ್ಡದ ಚಿತ್ರವೂ ಬಂದರೆ ಅದೂ ಖಚಿತವಾಗುತ್ತಿತ್ತು. ಬೆಳಗಿನ ಮೊದಲ ಬಸ್ಸುಗಳಲ್ಲಿ ಬಳ್ಳಾರಿಯಿಂದಲೂ ಜನ ಹೊರಡುತ್ತಿದ್ದರು. ಟ್ರ್ಯಾಕ್ಟರು ಬರುವ ಹೊತ್ತಿಗೇ ಅವರೂ ಅಲ್ಲಿರುತ್ತಿದ್ದರು.

"ಊರು ಹಾಕುವುದಿಲ್ಲ. ಇನ್ನರ್ಧ ಹೊಲ ನಾಳೆ ಬೆಳಿಗ್ಗೆ ಬಿತ್ತಬೇಕು" ಎಂದೆ.

"ಬೇರೆಯವರು ಹಾಕುತ್ತಾರೆ."

"ಹಾಕಲಿ. ಅವರಿಗೆ ಸಿಕ್ಕಿದ್ದನ್ನು ಅವರು ಹಾಕಿಕೊಳ್ಳಲಿ. ನನ್ನಿಂದ ಹೋಗುವುದು ಬೇಡ."

"ಮತ್ತೆ ಚಿತ್ರ?"

"ಗುಡ್ಡ ಇರುವ ಚಿತ್ರವೂ ಬೇಡ ಮೇಡಂ."

"ಬಹುಮಾನ ಬಂದ ಚಿತ್ರವನ್ನು ಕತ್ತರಿಸಿ ಹಾಕಲಿಕ್ಕಾಗುತ್ತಾ? ಹಾಗಾದರೆ ಉಳಿದದ್ದು ಏನು ನಿಮ್ಮ ಹತ್ತಿರ?"

ಉಳಿದದ್ದು ಬುಟ್ಟಿ. ಚಿತ್ರಕಾರರ ಒಪ್ಪಿಗೆ ಪಡೆದು ಮೂಲ ಫೋಟೊವನ್ನು ಕತ್ತರಿಸಿದೆ. ಮೇಲಿನ ಗುಡ್ಡ ಹೋಯಿತು, ಮುಖಗಳು ಹೋದವು, ಬಗ್ಗಿದ ಕೈಗಳು, ಕಲ್ಲು ತುಂಬಿದ ನೀಲಿ ಬುಟ್ಟಿ, ಬದುವಿನ ರಾಶಿ ಉಳಿದವು. ಸುದ್ದಿಯನ್ನು ಚಿಕ್ಕದಾಗಿ ಬರೆದೆ. ಬಹುಮಾನ ಪಡೆದ ಚಿತ್ರವೊಂದನ್ನು ವಜ್ರ ಸಿಕ್ಕ ಚಿತ್ರವೆಂದು ತಪ್ಪಾಗಿ ತಿಳಿದು ಜನ ಒಂದು ಹೊಲಕ್ಕೆ ನುಗ್ಗಿದರು; 'ಅವರು ಕಲ್ಲು ಆರಿಸುತ್ತಿದ್ದರು, ಬುಟ್ಟಿಯನ್ನು ನಾನೇ ಚಿತ್ರದಿಂದ ಬಿಟ್ಟೆ' ಎಂದು ಚಿತ್ರಕಾರರು ಹೇಳಿದ್ದಾರೆ; ತುಳಿತದಿಂದ ಬಿತ್ತನೆಗೆ ಅಡ್ಡಿಯಾಗಿದೆ. ಊರಿನ ಜಾಗದಲ್ಲಿ, ಬಿತ್ತನೆ ಮುಗಿಯದ ಕಾರಣ ಹೆಸರನ್ನು ಕೊಟ್ಟಿಲ್ಲ ಎಂದು ಬರೆದೆ. ಹೆಂಗಸು ಯಾರೆಂಬುದರ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಬರೆದದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ.

ಸಂಪಾದಕಿ ಓದಿ ಸ್ವಲ್ಪ ಹೊತ್ತಿನ ಮೇಲೆ ಫೋನ್ ಮಾಡಿದರು. "ಮುಖಪುಟಕ್ಕೆ ಇದು ಸಾಲೋದಿಲ್ಲ. ಒಳಗೆ ಹೋಗುತ್ತೆ" ಎಂದರು. ಭಾನುವಾರದ ಪುರವಣಿಯ ಮೊದಲ ಪುಟಕ್ಕೆ ಬೇರೆ ಲೇಖನ ಹಾಕಿದರು. ಮತ್ತೆ ಆ ಪುಟಕ್ಕೆ ನನ್ನನ್ನು ಕೇಳಲು ಬಹಳ ಸಮಯ ಹಿಡಿಯಿತು.

ಶುಕ್ರವಾರ ಬೆಳಿಗ್ಗೆ ಕತ್ತಲಿರುವಾಗಲೇ ಹೊರಟೆ. ರಸ್ತೆಯಲ್ಲಿ ಒಂದೇ ಆಟೊ ನಿಂತಿತ್ತು. ಕೆಂಪು ಟೋಪಿಯವನು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಅವರಿಬ್ಬರೂ ಬದುವಿನ ಮೇಲೆ ಕೂತು ನೋಡುತ್ತಿದ್ದರು, ಹೊಲಕ್ಕಿಳಿಯಲಿಲ್ಲ. ಬೇರೆ ಪತ್ರಿಕೆಯೊಂದು ಇನ್ನಾವುದೋ ಊರಿನ ಹೆಸರು ಹಾಕಿದೆಯೆಂದೂ, ಜನ ಅತ್ತ ಹೋಗಿದ್ದಾರೆಂದೂ ಅವನೇ ಹೇಳಿದ. ಆ ಊರಿನ ಹೊಲದವರ ಬಗ್ಗೆ ಯೋಚಿಸಿದೆ. ಮಾಡುವುದೇನೂ ಇರಲಿಲ್ಲ.

ಟ್ರ್ಯಾಕ್ಟರು ಕೊನೆಯ ಸಾಲು ಮುಗಿಸಿ ರಸ್ತೆಗೆ ಹತ್ತಿದ ಮೇಲೆ ಸೊಸೆ ಬದುವಿನ ಹತ್ತಿರ ಬಂದಳು. ಕಾಲಿಗೆ ಮೊಣಕಾಲವರೆಗೆ ಕೆಂಪು ಮಣ್ಣು. ಕೈಯಲ್ಲಿ ನೀಲಿ ಬುಟ್ಟಿ. ಕೂರಿಗೆಗೆ ಸಿಕ್ಕ ಕಲ್ಲುಗಳನ್ನು ಅದರಲ್ಲಿ ಹಾಕಿಕೊಂಡು ಬಂದಿದ್ದಳು. ಬಿಸಿಲಿಗೆ ಬಣ್ಣ ಹೋಗಿ ಅಂಚು ಸೀಳಿದ್ದರೂ ದೂರಕ್ಕೆ ಕಣ್ಣಿಗೆ ಹೊಡೆಯುವಂತಿತ್ತು.

ಆಗ ನಾನು ಮೂಲ ಫೋಟೊ ತೋರಿಸಿದೆ. ನೋಡಿದಳು. ಈ ಸಲ ಅಲ್ಲವೆನ್ನಲಿಲ್ಲ.

"ಬರೀತೀರಾ?"

"ಬರೆದದ್ದು ಮುಗಿಯಿತು. ನನಗಾಗಿ ಕೇಳುತ್ತಿದ್ದೇನೆ. ಆವತ್ತು ಆ ಮುಷ್ಟಿಯಲ್ಲಿ ಏನಿತ್ತು?"

"ಕಲ್ಲು."

"ಕಲ್ಲು ಆರಿಸಿದರೆ ಬುಟ್ಟಿಗೆ ಹಾಕಬೇಕಲ್ಲ. ಎದೆಯ ತನಕ ಯಾಕೆ ಎತ್ತಿದ್ದಿರಿ?"

ಆಕೆ ಅತ್ತೆಯ ಕಡೆ ನೋಡಿದಳು. ಅತ್ತೆ ನಗುವುದಕ್ಕೆ ಶುರು ಮಾಡಿ ಆಗಿತ್ತು.

"ಬಸ್ಸಿನ್ಯಾಗ ಯಾವನೋ ಫೋನು ಹಿಡಕೊಂಡು ನನ್ನ ಕಡೀಗೇ ನೋಡಾಕಹತ್ತಿದ್ದ" ಎಂದಳು. "ಅವಗ ಒಗೀಬೇಕಂತ ಹಿಡದಿದ್ದೆ. ಕುರಿ ಸರದ್ವು, ಬಸ್ಸು ಹೋತು. ಕಲ್ಲು ಬುಟ್ಟಿಗೆ ಹಾಕಿದೆ."